ಹೋಂಸ್ಟೇ ಅಂಗಳಕ್ಕೆ ಕಾರ್ ಚಾರ್ಜರ್: ಕೊಡಗಿನಲ್ಲಿ ಕಂಬದಿಂದ ಗನ್‌ವರೆಗೆ

ಚಾರ್ಜರ್ ಕಂಪನಿಯ ಕ್ಯಾಟಲಾಗ್ ತೆರೆಯುವ ಮೊದಲು ಹೋಗಿ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ನೋಡಿಕೊಂಡು ಬನ್ನಿ. ಮನೆಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಎಷ್ಟು ಕೆವಿಎ ಎಂಬುದು ಅದರ ಮೈಮೇಲಿನ ಫಲಕದಲ್ಲಿ ಇರುತ್ತದೆ. ಕೆಳಗಿನಿಂದ ಕಾಣದಿದ್ದರೆ ಲೈನ್‌ಮನ್‌ಗೆ ಗೊತ್ತಿರುತ್ತದೆ. ಕೊಡಗಿನ ಒಳಗಿನ ಊರುಗಳಲ್ಲಿ 25 ಮತ್ತು 63 ಕೆವಿಎ ಸಾಮಾನ್ಯ. ಪೇಟೆಯ ಹತ್ತಿರ 100 ಸಿಗುತ್ತದೆ. ಅಂಗಳದಲ್ಲಿ ಕಾರು ಚಾರ್ಜ್ ಆಗುತ್ತದೋ ಇಲ್ಲವೋ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸುವುದು ಈ ಅಂಕಿ.

ಲೆಕ್ಕ ಸುಲಭ. 25 ಕೆವಿಎ ಟಿಸಿ 433 ವೋಲ್ಟ್ ಬದಿಯಲ್ಲಿ ಒಂದು ಫೇಸಿಗೆ ಕೊಡಬಲ್ಲದ್ದು 33 ಆಂಪಿಯರ್. 63 ಕೆವಿಎ ಆದರೆ 84, 100 ಕೆವಿಎ ಆದರೆ 133. ಗೋಡೆಗೆ ಹಾಕುವ 7.4 ಕಿಲೋವ್ಯಾಟ್ ಎಸಿ ಚಾರ್ಜರ್ ಒಂದೇ ಫೇಸಿನಿಂದ 32 ಆಂಪಿಯರ್ ಎಳೆಯುತ್ತದೆ. ಅಂದರೆ 25 ಕೆವಿಎ ಟಿಸಿಯ ಒಂದು ಫೇಸ್ ಪೂರ್ತಿ ಒಂದೇ ಕಾರಿಗೆ ಹೋಗುತ್ತದೆ, ಅದೂ ಗಂಟೆಗಟ್ಟಲೆ. ಅದೇ ಫೇಸಿನಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳ ದೀಪ ಇರುತ್ತದೆ, ಪಕ್ಕದ ತೋಟದವರ ಫ್ರಿಜ್ ಇರುತ್ತದೆ. ಫ್ಯೂಸ್ ಹಾರುವುದು ನಿಮ್ಮ ಮನೆಯಲ್ಲಲ್ಲ, ಟಿಸಿ ಕಂಬದಲ್ಲಿ. ಕತ್ತಲಾಗುವುದು ಊರಿಗೆ.

ಎರಡನೆಯದು ದೂರ. ಟಿಸಿಯಿಂದ ಮನೆಯವರೆಗಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನು ಅರ್ಧ ಕಿಲೋಮೀಟರ್ ಇರುವುದು ತೋಟದ ಊರುಗಳಲ್ಲಿ ಹೊಸದೇನಲ್ಲ. ವೀಸೆಲ್ ಎಂಬ ಅಲ್ಯುಮಿನಿಯಂ ತಂತಿಯಾದರೆ ಕಿಲೋಮೀಟರಿಗೆ ಸುಮಾರು 0.9 ಓಮ್. ಹೋಗುವ ಫೇಸು, ಬರುವ ನ್ಯೂಟ್ರಲ್ ಎರಡೂ ಸೇರಿ ಒಂದು ಕಿಲೋಮೀಟರ್ ಆಯಿತು. 32 ಆಂಪಿಯರ್ ಹರಿದರೆ ತಂತಿಯಲ್ಲೇ 29 ವೋಲ್ಟ್ ಕಳೆದುಹೋಗುತ್ತದೆ. ಟಿಸಿ ಬುಡದಲ್ಲಿ 225 ಇದ್ದರೆ ನಿಮ್ಮ ಮೀಟರಿನಲ್ಲಿ 196. ಸಂಜೆ ಟಿಸಿ ಬುಡದಲ್ಲೇ 210 ಇದ್ದರೆ ಚಾರ್ಜರ್ 180ರ ಆಸುಪಾಸಿಗೆ ಬಂದು ಕೈಬಿಡುತ್ತದೆ. ಹೆಚ್ಚಿನ ಚಾರ್ಜರ್‌ಗಳ ಕೆಳಗಿನ ಮಿತಿ ಅಷ್ಟೇ.

ಇದನ್ನು ಖರ್ಚಿಲ್ಲದೆ ಪರೀಕ್ಷಿಸುವ ಒಂದು ವಿಧಾನ ನಾವು ಎಲ್ಲ ಜಾಗದಲ್ಲೂ ಬಳಸುತ್ತೇವೆ. ಸಂಜೆ ಏಳರಿಂದ ಒಂಬತ್ತರ ನಡುವೆ ಒಂದೇ ಫೇಸಿಗೆ 3 ಕಿಲೋವ್ಯಾಟಿನ ಎರಡು ಗೀಸರ್ ಹಾಕಿ ಮೀಟರ್ ಬಳಿ ವೋಲ್ಟೇಜ್ ನೋಡುವುದು. ಎರಡೂ ಸೇರಿ 26 ಆಂಪಿಯರ್, ಚಾರ್ಜರಿಗೆ ಹತ್ತಿರದ ಹೊರೆ. ಹಾಕುವ ಮೊದಲಿನ ಮತ್ತು ಹಾಕಿದ ಮೇಲಿನ ಅಂಕಿಯ ವ್ಯತ್ಯಾಸ 12 ವೋಲ್ಟಿನೊಳಗೆ ಇದ್ದರೆ 32 ಆಂಪಿಯರ್ ಚಾರ್ಜರ್ ನಡೆಯುತ್ತದೆ. 20 ದಾಟಿದರೆ ಆ ಲೈನಿನಲ್ಲಿ 16 ಆಂಪಿಯರಿಗೆ ಮಿತಿ ಹಾಕಿ ಓಡಿಸಬೇಕು, ಇಲ್ಲವೇ ತ್ರೀಫೇಸ್ ಪಡೆಯಬೇಕು. ಗೀಸರ್ ಹಾಕಿ ಅರ್ಧ ಗಂಟೆ ಬಿಡಿ, ಥರ್ಮೋಸ್ಟಾಟ್ ಕತ್ತರಿಸದ ಹಾಗೆ ನಲ್ಲಿ ಸ್ವಲ್ಪ ತೆರೆದಿಡಿ. ಫೆಬ್ರವರಿ, ಮಾರ್ಚಿನಲ್ಲಿ, ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುವ ದಿನಗಳಲ್ಲಿ ಈ ಪರೀಕ್ಷೆ ಮಾಡಿದರೆ ವರ್ಷದ ಅತಿ ಕೆಟ್ಟ ಅಂಕಿ ಸಿಗುತ್ತದೆ. ಜುಲೈಯಲ್ಲಿ ಪಂಪುಗಳೆಲ್ಲ ನಿಂತಿರುವಾಗ ಸಿಕ್ಕ ಒಳ್ಳೆಯ ವೋಲ್ಟೇಜನ್ನು ನಂಬಿಕೊಳ್ಳಬೇಡಿ.

ಎಷ್ಟು ದೊಡ್ಡ ಚಾರ್ಜರ್ ಬೇಕು ಎಂಬಲ್ಲಿ ಬಹಳ ಹಣ ವ್ಯರ್ಥವಾಗುತ್ತದೆ. 22 ಕಿಲೋವ್ಯಾಟಿನ ತ್ರೀಫೇಸ್ ಎಸಿ ಚಾರ್ಜರ್ ಹಾಕಿದರೆ ಕಾರು ಮೂರು ಪಟ್ಟು ಬೇಗ ತುಂಬುತ್ತದೆ ಎಂದು ಮಾರುವವರು ಹೇಳುವುದುಂಟು. ಎಸಿ ಚಾರ್ಜಿಂಗ್‌ನಲ್ಲಿ ವೇಗ ನಿರ್ಧರಿಸುವುದು ಕಾರಿನೊಳಗೆ ಕೂತು ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ತಿರುಗಿಸುವ ಆನ್‌ಬೋರ್ಡ್ ಚಾರ್ಜರ್. ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿ ಅದು 3.3 ಅಥವಾ 7.2 ಕಿಲೋವ್ಯಾಟ್, ಅದೂ ಸಿಂಗಲ್ ಫೇಸ್. ಕೆಲವು ದುಬಾರಿ ಕಾರುಗಳಲ್ಲಿ ಮಾತ್ರ 11. ಗೋಡೆಯ ಮೇಲೆ 22 ಬರೆದಿದ್ದರೂ 7.2ರ ಕಾರು 7.2ನ್ನೇ ಕುಡಿಯುತ್ತದೆ. ಅದೇ 22 ಕಿಲೋವ್ಯಾಟನ್ನು ಮೂರು ಫೇಸಿಗೆ ಹಂಚಿ 7.4ರ ಮೂರು ಚಾರ್ಜರ್ ಹಾಕಿದರೆ ಮೂರು ಕಾರು ಒಟ್ಟಿಗೆ ನಿಲ್ಲಬಹುದು, ನ್ಯೂಟ್ರಲ್ ಮೇಲಿನ ಹೊರೆಯೂ ಕಡಿಮೆ.

ಬೆಂಗಳೂರಿನಿಂದ ಮಡಿಕೇರಿಗೆ 260 ಕಿಲೋಮೀಟರ್ ಬಂದ ಕಾರು ಸಾಮಾನ್ಯವಾಗಿ ಶೇ. 20ರ ಆಸುಪಾಸಿನಲ್ಲಿ ಅಂಗಳಕ್ಕೆ ಇಳಿಯುತ್ತದೆ. 45 ಯೂನಿಟ್ ಬ್ಯಾಟರಿಯನ್ನು 20ರಿಂದ 90ಕ್ಕೆ ತರಲು ಬ್ಯಾಟರಿಗೆ 31.5 ಯೂನಿಟ್ ಬೇಕು, ಸೋರಿಕೆ ಸೇರಿ ಮೀಟರಿನಲ್ಲಿ 35. 7.2ರಲ್ಲಿ ಐದು ಗಂಟೆ, 3.3ರಲ್ಲಿ ಹತ್ತೂವರೆ. ಅತಿಥಿ ರಾತ್ರಿ ಉಳಿದೇ ಉಳಿಯುತ್ತಾರೆ. ಹಾಗಾಗಿ ಉಳಿಯುವ ಜಾಗದಲ್ಲಿ ಎಸಿ ಸಾಕು, ಡಿಸಿ ಫಾಸ್ಟ್ ಚಾರ್ಜರ್ ಇರಬೇಕಾದ್ದು ಹೆದ್ದಾರಿಯಲ್ಲಿ. 25 ಕೆವಿಎ ಟಿಸಿಯ ಊರಾದರೆ 16 ಆಂಪಿಯರಿನ, 3.3 ಕಿಲೋವ್ಯಾಟ್ ಪಾಯಿಂಟ್‌ಗಳು ಎರಡು ಮೂರು ಹಾಕಿ, ಬೇರೆ ಬೇರೆ ಫೇಸಿಗೆ ಕೊಡಿ. ಇದು ಸಣ್ಣ ಏರ್ಪಾಡು ಎಂದು ಕೀಳಾಗಿ ನೋಡಬೇಕಿಲ್ಲ, ಬೆಳಿಗ್ಗೆ ಹೊರಡುವ ಅತಿಥಿಗೆ ಫಲಿತಾಂಶ ಹೆಚ್ಚುಕಡಿಮೆ ಒಂದೇ.

ಇನ್ನು ಕಾನೂನು. ಇಲ್ಲಿ ಎರಡು ಬಗೆಯ ಕಾಗದಗಳಿವೆ, ಬೆರೆಸಿಕೊಂಡರೆ ಕಚೇರಿಯಲ್ಲಿ ಮಾತು ಮುಂದೆ ಹೋಗುವುದಿಲ್ಲ. ಒಂದು ನೀತಿ. 2017ರ ಸೆಪ್ಟೆಂಬರಿನಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹ ನೀತಿ ತಂದಿತು, 2021ರಲ್ಲಿ ತಿದ್ದಿತು, 2025ರ ಫೆಬ್ರವರಿಯಲ್ಲಿ 2025–30ರ ಕ್ಲೀನ್ ಮೊಬಿಲಿಟಿ ನೀತಿ ಬಂತು. ಇದರಲ್ಲಿ 50,000 ಕೋಟಿ ರೂಪಾಯಿ ಹೂಡಿಕೆ, ಒಂದು ಲಕ್ಷ ಉದ್ಯೋಗದ ಗುರಿಯಿದೆ. ನೀತಿಯಲ್ಲಿರುವ ಸಹಾಯಧನಕ್ಕೆ ಅವಧಿ, ಸಂಖ್ಯೆ, ಅನುದಾನ ಮೂರರ ಮಿತಿಯೂ ಇರುತ್ತದೆ. 2017ರ ನೀತಿಯಲ್ಲಿ ಚಾರ್ಜಿಂಗ್ ಯಂತ್ರದ ಬೆಲೆಯ ಶೇ. 25, ಹೆಚ್ಚೆಂದರೆ 10 ಲಕ್ಷ ಎಂದು ಇದ್ದದ್ದು ಮೊದಲ 100 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳಿಗೆ. ಕೇಂದ್ರದ ವಿದ್ಯುತ್ ವಾಹನ ಯೋಜನೆಯಾದ ಪಿಎಂ ಇ-ಡ್ರೈವ್‌ನಲ್ಲಿ 10,900 ಕೋಟಿಯ ಪೈಕಿ ಚಾರ್ಜಿಂಗ್‌ಗೆ 2,000 ಕೋಟಿ ಇಟ್ಟಿದ್ದಾರೆ. ಆ ಹಣ ಹರಿಯುವುದು ಸರ್ಕಾರಿ ಸಂಸ್ಥೆಗಳು ಮತ್ತು ನೋಡಲ್ ಏಜೆನ್ಸಿಗಳ ಮೂಲಕ. ಒಂದು ಹೋಂಸ್ಟೇಯವರು ನೇರವಾಗಿ ಅರ್ಜಿ ಹಾಕಿ ತರುವ ದುಡ್ಡು ಅದಲ್ಲ. ಸಹಾಯಧನ ಬರುತ್ತದೆ ಎಂದು ಲೆಕ್ಕ ಹಾಕಿ ಯಂತ್ರ ಕೊಳ್ಳಬೇಡಿ.

ಇನ್ನೊಂದು ಕಾಯ್ದೆ ಮತ್ತು ಅದರಡಿಯ ನಿಯಮ. ನಮ್ಮ ಕೆಲಸಕ್ಕೆ ಬರುವುದು ಇದೇ. 2003ರ ವಿದ್ಯುತ್ ಕಾಯ್ದೆಯ 43ನೇ ಕಲಂ ಪ್ರಕಾರ ಕೇಳಿದವರಿಗೆ ಸಂಪರ್ಕ ಕೊಡುವುದು ವಿತರಣಾ ಕಂಪನಿಯ ಕರ್ತವ್ಯ. ಚಾರ್ಜಿಂಗ್ ಎನ್ನುವುದು ಸೇವೆ, ವಿದ್ಯುತ್ ಮಾರಾಟವಲ್ಲ, ಆದ್ದರಿಂದ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. 2024ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕನ್ನೂ ಕೊಟ್ಟಿವೆ. ಹೊಸ ಸಂಪರ್ಕದ ಗಡುವು ಮಹಾನಗರದಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7, ಹಳ್ಳಿಯಲ್ಲಿ 15, ಗುಡ್ಡಗಾಡಿನ ಹಳ್ಳಿಯಲ್ಲಿ 30. ಅರ್ಜಿ ಎಲ್ಲ ದಾಖಲೆಗಳೊಂದಿಗೆ ಪೂರ್ಣವಾಗಿದ್ದಾಗ ಮಾತ್ರ ಆ ದಿನಗಳ ಎಣಿಕೆ ಶುರುವಾಗುತ್ತದೆ. ಲೈನು ಎಳೆಯಬೇಕಾದರೆ, ಟಿಸಿ ಬದಲಿಸಬೇಕಾದರೆ ಸಮಯ ಬೇರೆ.

ಕೊಡಗಿಗೆ ವಿದ್ಯುತ್ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಎಲ್ಲರ ಬಾಯಲ್ಲಿ ಸೆಸ್ಕ್. ಅರ್ಜಿ ಹೋಗುವುದು ನಿಮ್ಮ ಉಪವಿಭಾಗಕ್ಕೆ, ಸ್ಥಳ ನೋಡಲು ಬರುವವರು ಸೆಕ್ಷನ್ ಆಫೀಸರ್. ಅರ್ಜಿಯಲ್ಲಿ ಉದ್ದೇಶದ ಜಾಗದಲ್ಲಿ 'ವಿದ್ಯುತ್ ವಾಹನ ಚಾರ್ಜಿಂಗ್, ಎಲ್‌ಟಿ 6ಸಿ' ಎಂದು ಸ್ಪಷ್ಟವಾಗಿ ಬರೆಯಿರಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾರ್ಜಿಂಗ್‌ಗೆಂದೇ ಇಟ್ಟಿರುವ ದರ ವರ್ಗ ಅದು. ಸುಮ್ಮನೆ 'ಹೋಂಸ್ಟೇ ಬಳಕೆ' ಎಂದು ಬರೆದರೆ ವಾಣಿಜ್ಯ ವರ್ಗವಾದ ಎಲ್‌ಟಿ 3ಕ್ಕೆ ಸೇರುವ ಸಂಭವವಿದೆ, ಒಮ್ಮೆ ಆರ್‌ಆರ್ ನಂಬರ್ (ಸಂಪರ್ಕದ ಗುರುತು ಸಂಖ್ಯೆ) ಬಿದ್ದ ಮೇಲೆ ವರ್ಗ ಬದಲಿಸಲು ಮತ್ತೆ ಅರ್ಜಿ, ಮತ್ತೆ ಸ್ಥಳ ಪರಿಶೀಲನೆ. ಯೂನಿಟ್ ದರ ಆಯೋಗದ ಆದೇಶದೊಂದಿಗೆ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ ಆದೇಶ ನೋಡಿ. ಹಗಲು ಒಂಬತ್ತರಿಂದ ನಾಲ್ಕರವರೆಗೆ, ಸೌರ ವಿದ್ಯುತ್ ಹೇರಳವಾಗಿರುವ ಹೊತ್ತಿನಲ್ಲಿ ಚಾರ್ಜಿಂಗ್ ದರ ಕಡಿಮೆ ಇರಬೇಕೆಂದು ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ. ಆ ಹೊತ್ತಿನ ರಿಯಾಯಿತಿ ನಿಮ್ಮ ಬಿಲ್ಲಿಗೆ ಇದೆಯೇ ಎಂಬುದೂ ಆಯೋಗದ ಆದೇಶದಲ್ಲೇ ತಿಳಿಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಅರ್ಜಿ ನಿಲ್ಲುವುದು ಹೆಚ್ಚಾಗಿ ಪಹಣಿಯ ಬಳಿ. ಜಮ್ಮಾ ಜಾಗದ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೇದಾರರ ಜೊತೆ ಒಕ್ಕದ (ಮನೆತನದ) ಹಲವು ಹೆಸರುಗಳಿರುತ್ತವೆ, ಅದರಲ್ಲಿ ತೀರಿಹೋದವರ ಹೆಸರೂ ಇರುತ್ತದೆ. ಅರ್ಜಿದಾರರ ಹೆಸರು ಅದರಲ್ಲಿ ಒಂದಾಗಿದ್ದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಛಾಪಾ ಕಾಗದದಲ್ಲಿ ಬೇಕು. ಬೆಂಗಳೂರಿನಲ್ಲಿ, ಹೊರದೇಶದಲ್ಲಿ ಇರುವವರ ಸಹಿ ತರಿಸುವುದಕ್ಕೆ ಹಿಡಿಯುವ ಸಮಯ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು, ಆದ್ದರಿಂದ ಇದನ್ನೇ ಮೊದಲು ಶುರುಮಾಡಿ. ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಐನ್‌ಮನೆಗೆ (ಮನೆತನದ ಮೂಲಮನೆಗೆ) ಬರುವಾಗ ಕಾಗದ ಸಿದ್ಧವಿಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಮನೆಗೆ ಪಂಚಾಯಿತಿಯ ಇ-ಸ್ವತ್ತು ನಮೂನೆ ಇದ್ದರೆ ಅದನ್ನು ಲಗತ್ತಿಸಿ, ದಾರಿ ಸಲೀಸು. ಈಗಾಗಲೇ ಮೀಟರ್ ಇರುವ ಜಾಗದ ಆರ್‌ಆರ್ ನಂಬರ್, ಬಾಕಿ ಇಲ್ಲದ ಬಿಲ್ಲು, ಪರವಾನಗಿ ಇರುವ ಗುತ್ತಿಗೆದಾರರ ಸಹಿಯ ವೈರಿಂಗ್ ನಕ್ಷೆ, ಚಾರ್ಜರ್‌ನ ತಾಂತ್ರಿಕ ಹಾಳೆ ಜೊತೆಗಿರಲಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಕಟ್ಟಡಗಳಿಗೆ ಸ್ವಾಧೀನಾನುಭವ ಪತ್ರದ ಪ್ರಶ್ನೆ ಬಂದಿದೆ. ಹೊಸದಾಗಿ ಕಟ್ಟಿದ ಕಾಟೇಜ್ ಆಗಿದ್ದರೆ ಈ ಮಾತನ್ನು ಅರ್ಜಿ ಹಾಕುವ ದಿನವೇ ಕೇಳಿ ತಿಳಿದುಕೊಳ್ಳಿ.

ಮನೆಯ ಮೀಟರಿನಿಂದಲೇ ನಿಮ್ಮ ಸ್ವಂತ ಕಾರು ಚಾರ್ಜ್ ಮಾಡಲು ಅಡ್ಡಿಯಿಲ್ಲ. ಆದರೆ ಗೃಹಜ್ಯೋತಿ ಇರುವವರು ಲೆಕ್ಕ ಹಾಕಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರು ಸುಮಾರು 160 ಯೂನಿಟ್ ತಿನ್ನುತ್ತದೆ. ಮನೆಯ ಬಳಕೆ ಸೇರಿ 200 ದಾಟಿತೆಂದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ಚಾರ್ಜಿಂಗ್‌ಗೆ ಬೇರೆ ಮೀಟರ್ ಇದ್ದರೆ ಮನೆಯ ಬಳಕೆ ಮೊದಲಿನಷ್ಟೇ ಉಳಿಯುತ್ತದೆ. ಅತಿಥಿಗಳಿಂದ ಹಣ ಪಡೆದು ಗೃಹಬಳಕೆ ಮೀಟರಿನಿಂದ ಚಾರ್ಜ್ ಕೊಡುವುದು, ತೋಟದ ಪಂಪ್‌ಸೆಟ್ ಲೈನಿನಿಂದ ಕೊಡುವುದು ಎರಡೂ ಕಾಯ್ದೆಯ 126ನೇ ಕಲಮಿನ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಅನ್ವಯವಾಗುವ ದರದ ಎರಡರಷ್ಟು ವಸೂಲಿ. ಪಂಪ್‌ಹೌಸ್ ರಸ್ತೆಯ ಪಕ್ಕದಲ್ಲೇ ಇದೆ, ತ್ರೀಫೇಸ್ ಇದೆ ಎಂಬ ಆಸೆ ಸಹಜ. ಅದಕ್ಕೆ ಕೈಹಾಕಬೇಡಿ.

ಸಂಪರ್ಕ ಮಂಜೂರಾಯಿತು ಎಂದುಕೊಳ್ಳಿ. ಮುಂದಿನದು ಕೇಬಲ್. ಕೊಡಗಿನ ಮನೆಗಳಲ್ಲಿ ಮೀಟರ್ ಮೇಲೆ, ಕಾರು ನಿಲ್ಲುವ ಜಾಗ ಕೆಳಗೆ, ನಡುವೆ ಇಳಿಜಾರು. 80 ಮೀಟರ್ ದೂರ ಎಂದು ಹಿಡಿಯೋಣ. 6 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ 32 ಆಂಪಿಯರಿಗೆ 16 ವೋಲ್ಟ್ ಇಳಿಯುತ್ತದೆ, 10ರಲ್ಲಿ 9, 16ರಲ್ಲಿ 6. ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಆದರೆ 25 ಚದರ ಮಿ.ಮೀ.ಯಲ್ಲಿ ಸುಮಾರು 6 ವೋಲ್ಟ್, ಬೆಲೆ ತಾಮ್ರಕ್ಕಿಂತ ಬಹಳ ಕಡಿಮೆ. ನಮ್ಮ ಆಯ್ಕೆ ಇದೇ. ಆದರೆ ಅಲ್ಯುಮಿನಿಯಂ ಕೇಬಲನ್ನು ನೇರವಾಗಿ ಚಾರ್ಜರಿನೊಳಗೆ ಕೊಡಬಾರದು. ಚಾರ್ಜರ್ ಪಕ್ಕದ ಪೆಟ್ಟಿಗೆಯಲ್ಲಿ ಎರಡೂ ಲೋಹ ಕೂಡಿಸುವ ಬೈಮೆಟಲ್ ಲಗ್ ಹಾಕಿ ನಿಲ್ಲಿಸಿ, ಅಲ್ಲಿಂದ ಒಂದು ಮೀಟರ್ ತಾಮ್ರದಲ್ಲಿ ಒಳಗೆ ಹೋಗಬೇಕು. ತಾಮ್ರದ ಟರ್ಮಿನಲ್ಲಿಗೆ ಅಲ್ಯುಮಿನಿಯಂ ನೇರ ಕೂಡಿಸಿದರೆ ನಮ್ಮ ತೇವದಲ್ಲಿ ಬೂಷ್ಟಿನಂಥ ಬಿಳಿ ಪುಡಿ ಕಟ್ಟುತ್ತದೆ, ಸಂಧಿ ಬಿಸಿಯಾಗುತ್ತದೆ, ಕೊನೆಗೆ ಟರ್ಮಿನಲ್ ಸುಡುತ್ತದೆ. ಎಂಸಿಬಿ, ಅಂದರೆ ಹೊರೆ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, 40 ಆಂಪಿಯರ್, ಸಿ ಕರ್ವ್ ಬಗೆಯದು. 32ರ ಎಂಸಿಬಿಯನ್ನು ಗಂಟೆಗಟ್ಟಲೆ 32ರಲ್ಲೇ ಓಡಿಸಿದರೆ ಬಿಸಿಯಾಗಿ ನಡುರಾತ್ರಿ ಬೀಳುತ್ತದೆ.

ಕೇಬಲನ್ನು ಮುಕ್ಕಾಲು ಮೀಟರ್ ಆಳದಲ್ಲಿ, ಮರಳು ಹಾಸಿ, ಮೇಲೆ ಇಟ್ಟಿಗೆ ಜೋಡಿಸಿ ಹೂಳಬೇಕು. ಕಾಡುಹಂದಿ ಒಕ್ಕುವುದು, ಕಸಿ ಗುಂಡಿ ತೆಗೆಯುವವರ ಹಾರೆ, ಎರಡಕ್ಕೂ ಇಟ್ಟಿಗೆಯೇ ಎಚ್ಚರಿಕೆ. ಸಿಲ್ವರ್ ಓಕ್ ಸಾಲಿನ ಕೆಳಗೆ ತಲೆಯ ಮೇಲಿನಿಂದ ತಂತಿ ಎಳೆಯುವುದು ಬೇಡವೇ ಬೇಡ. ಮಳೆಗಾಲದ ಮೊದಲ ಗಾಳಿಗೇ ಕೊಂಬೆ ಬೀಳುತ್ತದೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಕೊಡಗಿನಲ್ಲಿ 'ಚಾರ್ಜರ್ ಕೆಟ್ಟಿದೆ' ಎಂಬ ದೂರಿನ ಹಿಂದೆ ಅತಿ ಹೆಚ್ಚು ಸಲ ಸಿಗುವುದು ಇದೇ. ಕಾರು ಪ್ಲಗ್ ಆದ ಕೂಡಲೇ ಚಾರ್ಜರ್ ಅರ್ಥ್ ಸರಿಯಿದೆಯೇ ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ. ಗೀಸರ್, ಮಿಕ್ಸಿ ಇಂಥ ಪ್ರಶ್ನೆ ಕೇಳುವುದಿಲ್ಲ, ಆದ್ದರಿಂದ ಹಳೆಯ ಮನೆಯ ಅರ್ಥ್ ಸತ್ತು ವರ್ಷಗಳಾಗಿದ್ದರೂ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದಾಗ ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. ಜುಲೈಯಲ್ಲಿ 3 ಓಮ್ ತೋರಿಸಿದ ಗುಂಡಿ ಮಾರ್ಚಿನಲ್ಲಿ ಹಲವು ಪಟ್ಟು ಏರಬಹುದು. ಇದ್ದಿಲು ಮತ್ತು ಉಪ್ಪು ತುಂಬುವ ಹಳೆಯ ಕ್ರಮ ಇಲ್ಲಿ ಬಾಳುವುದಿಲ್ಲ, ಮಳೆ ಉಪ್ಪನ್ನು ತೊಳೆದುಕೊಂಡು ಹೋಗುತ್ತದೆ. 3 ಮೀಟರ್ ಉದ್ದದ ತಾಮ್ರ ಲೇಪಿತ ಕೋಲು, ಸುತ್ತ ಬೆಂಟೊನೈಟ್ ಪುಡಿ, ಇಂಥ ಎರಡು ಗುಂಡಿ. ಎರಡರ ನಡುವೆ ಕನಿಷ್ಠ 3 ಮೀಟರ್, ಜಾಗವಿದ್ದರೆ 6. ಎರಡನ್ನೂ ಪಟ್ಟಿಯಿಂದ ಕೂಡಿಸಿ ಅರ್ಥ್ ಟೆಸ್ಟರಿನಲ್ಲಿ ಅಳೆಯಿರಿ. 5 ಓಮಿನೊಳಗೆ, ಸಾಧ್ಯವಾದರೆ 2ರ ಹತ್ತಿರ ಇರಲಿ. ಅಳೆಯುವ ತಿಂಗಳು ಮಾರ್ಚ್. ದಿನದ ಬಳಕೆಗೆ ಮಲ್ಟಿಮೀಟರ್ ಸಾಕು: ಕಾರು ಚಾರ್ಜ್ ಆಗುವಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟಿಗಿಂತ ಹೆಚ್ಚು ಬಂದರೆ ಎಲ್ಲೋ ಸಂಧಿ ಸಡಿಲವಾಗಿದೆ, ಇಲ್ಲವೇ ಲೈನಿನ ನ್ಯೂಟ್ರಲ್ ಸೋತಿದೆ.

ಅರ್ಥ್ ಒಳ್ಳೆಯದಿದ್ದರೂ ಆರ್‌ಸಿಡಿ, ಅಂದರೆ ಕರೆಂಟ್ ಸೋರಿದರೆ ಕತ್ತರಿಸುವ ಸಾಧನ, ಬಿಡುವಂತಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಫೇಸ್ ಕಾರಿನ ಮೈಗೆ ತಗುಲಿದಾಗ 5 ಓಮ್ ಅರ್ಥ್ ಮೂಲಕ ಹರಿಯುವುದು 230 ಭಾಗಿಸು 5, ಅಂದರೆ 46 ಆಂಪಿಯರ್. 40 ಆಂಪಿಯರಿನ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಬೇಕಾದರೆ 200ಕ್ಕಿಂತ ಹೆಚ್ಚು ಬೇಕು. ಅದು ಬೀಳುವುದೇ ಇಲ್ಲ, ಮಳೆಯಲ್ಲಿ ನೆನೆದ ಅಂಗಳದಲ್ಲಿ ಕಾರಿನ ಬಾಗಿಲು ಮುಟ್ಟಿದವರ ಗತಿ ಯೋಚಿಸಿ. 30 ಮಿಲಿ ಆಂಪಿಯರಿನ ಆರ್‌ಸಿಡಿ ಒಂದೊಂದು ಚಾರ್ಜರಿಗೂ ಒಂದೊಂದು ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಸಿ ಟೈಪ್ ಇಲ್ಲಿ ನಡೆಯದು. ಕಾರಿನಿಂದ ಸಣ್ಣ ಡಿಸಿ ಸೋರಿಕೆ ಬಂದರೆ ಅದು ಕುರುಡಾಗುತ್ತದೆ. ಚಾರ್ಜರಿನೊಳಗೆ 6 ಮಿಲಿ ಆಂಪಿಯರ್ ಡಿಸಿ ಪತ್ತೆ ಇದ್ದರೆ ಎ ಟೈಪ್ ಸಾಕು, ಇಲ್ಲದಿದ್ದರೆ ಬಿ ಟೈಪ್. ಇದರ ಜೊತೆಗೆ ಎರಡು ಸಣ್ಣ ಸಾಧನ: ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ನ್ಯೂಟ್ರಲ್ ಕಡಿದು 230ರ ಜಾಗದಲ್ಲಿ 400ರ ಹತ್ತಿರ ನುಗ್ಗುವ ಸಂದರ್ಭಕ್ಕೆ 180–265 ವೋಲ್ಟಿನ ಆಚೆ ಕತ್ತರಿಸುವ ರಿಲೇ. ಮರ ಬಿದ್ದು ನ್ಯೂಟ್ರಲ್ ಒಂದೇ ಕಡಿಯುವುದು ನಮ್ಮ ಮಳೆಗಾಲದಲ್ಲಿ ಅಪರೂಪವಲ್ಲ.

ಚಾರ್ಜರ್ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ 2019ರಲ್ಲೇ ಚಾರ್ಜಿಂಗ್ ಕುರಿತ ಭಾಗ ಸೇರಿತು. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಎತ್ತರದಲ್ಲಿರಬೇಕು, ಕಾರಿನ ಪ್ಲಗ್ ಜಾಗ ಚಾರ್ಜಿಂಗ್ ಪಾಯಿಂಟಿನಿಂದ 5 ಮೀಟರ್ ಒಳಗಿರಬೇಕು, ಎಕ್ಸ್‌ಟೆನ್ಷನ್ ವೈರ್ ಬಳಸಲೇಬಾರದು. ಕೊನೆಯದನ್ನು ಅತಿಥಿಗಳೇ ಮುರಿಯುತ್ತಾರೆ, ರೂಮಿನ ಕಿಟಕಿಯಿಂದ ವೈರ್ ಬಿಟ್ಟು ಕಾರಿಗೆ ಕೊಡುತ್ತಾರೆ. 16 ಆಂಪಿಯರಿನ ಒಂದು ಸರಿಯಾದ ಪಾಯಿಂಟ್ ಅಂಗಳದಲ್ಲಿದ್ದರೆ ಆ ಅಪಾಯವೇ ಇಲ್ಲ. ನಮ್ಮ ಅಳತೆ 1.2 ಮೀಟರ್ ಎತ್ತರ. ನೈಋತ್ಯಕ್ಕೆ ಮುಖ ಮಾಡಿದ ಗೋಡೆ ಬೇಡ, ಕಕ್ಕಡದ (ಆಟಿ ತಿಂಗಳ) ಮಳೆ ಅಡ್ಡವಾಗಿ ಹೊಡೆಯುವುದು ಅದೇ ದಿಕ್ಕಿನಿಂದ. ಪೆಟ್ಟಿಗೆ ನೀರು, ಧೂಳು ತಡೆಯುವ ಐಪಿ 65 ದರ್ಜೆಯದಿರಲಿ, ಮೇಲೆ ತಗಡಿನ ಮಾಡು ಇರಲಿ. ಕೇಬಲ್ ಯಾವಾಗಲೂ ಕೆಳಗಿನಿಂದ ಪೆಟ್ಟಿಗೆಗೆ ಹೋಗಬೇಕು, ಹೋಗುವ ಮೊದಲು ಒಂದು ಬಳುಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕೇಬಲ್ ಒಳಹೋಗುವ ಗ್ಲ್ಯಾಂಡಿನ ಸಂದಿ ಮುಚ್ಚದಿದ್ದರೆ ಮೊದಲು ಇರುವೆ, ಆಮೇಲೆ ಹಲ್ಲಿ. ಒಳಗೆ ಸಿಕ್ಕಿ ಸತ್ತ ಹಲ್ಲಿಯಿಂದ ಆರ್‌ಸಿಡಿ ಬೀಳುವುದನ್ನು ಕಾರಿನ ದೋಷವೆಂದು ಸರ್ವಿಸ್ ಸೆಂಟರಿಗೆ ಒಯ್ದವರಿದ್ದಾರೆ. ಕಾರಿಗೆ ಚುಚ್ಚುವ ಗನ್ ತಲೆಕೆಳಗಾಗಿ ತೂಗಲಿ, ಬಾಯಿ ಮೇಲಾದರೆ ಮಂಜಿನ ಹನಿ ಒಳಗೆ ಕೂರುತ್ತದೆ.

ಜನರೇಟರಿನಲ್ಲಿ ಕಾರು ಚಾರ್ಜ್ ಆಗುವುದಿಲ್ಲ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಆಗುತ್ತದೆ. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲನ್ನು ಅರ್ಥಿಗೆ ಕಟ್ಟಿರುವುದಿಲ್ಲ, ಅದು ತೇಲುತ್ತಿರುತ್ತದೆ, ಚಾರ್ಜರಿಗೆ ಅರ್ಥ್ ಕಾಣಿಸುವುದಿಲ್ಲ. ಜನರೇಟರ್ ಬಳಿ ನ್ಯೂಟ್ರಲ್ ಮತ್ತು ಅರ್ಥ್ ಕಟ್ಟಿ, ಚೇಂಜ್‌ಓವರ್ ಸ್ವಿಚ್ಚು ನ್ಯೂಟ್ರಲನ್ನೂ ಬದಲಿಸುವ ನಾಲ್ಕು ಪೋಲಿನದಾದರೆ ಕೆಲಸ ಮುಗಿಯಿತು. ಇನ್ವರ್ಟರಿನಲ್ಲೂ ಇದೇ ಕಥೆ. ಒಂದು ಲೀಟರ್ ಡೀಸೆಲ್ಲಿನಿಂದ ಬರುವುದು ಮೂರರಿಂದ ಮೂರೂವರೆ ಯೂನಿಟ್, ಆದ್ದರಿಂದ ಇದು ಆಗಸ್ಟಿನಲ್ಲಿ ಲೈನ್ ಬಿದ್ದು ಅತಿಥಿ ಸಿಕ್ಕಿಕೊಂಡಾಗಿನ ದಾರಿ ಮಾತ್ರ. ಮೈಸೂರು ಮುಟ್ಟಬೇಕಾದ ಅಗತ್ಯವಿಲ್ಲ, ಕುಶಾಲನಗರ ಮುಟ್ಟುವಷ್ಟು ಕೊಟ್ಟರೆ ಸಾಕು.

ಮನೆಯ ಹೊರೆಯೊಂದಿಗೆ ಹೊಂದಿಸುವುದು ಸಮಯದಿಂದ. ಕೊಡಗಿನ ಚಳಿಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಲ್ಲ ರೂಮಿನ ಗೀಸರ್ ಒಟ್ಟಿಗೆ ಓಡುತ್ತವೆ. ಚಾರ್ಜರನ್ನು ರಾತ್ರಿ ಹತ್ತಕ್ಕೆ ಶುರುವಾಗಿ ಐದಕ್ಕೆ ನಿಲ್ಲುವಂತೆ ಹೊಂದಿಸಿ. ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಮುಂದುವರಿಯುವ ಸೌಲಭ್ಯ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ, ಇಲ್ಲದಿದ್ದರೆ ನಡುರಾತ್ರಿ ಎರಡು ನಿಮಿಷದ ಕಡಿತಕ್ಕೆ ಬೆಳಿಗ್ಗೆ ಖಾಲಿ ಕಾರು. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಸಿಮ್ ಮೇಲೆ ನಡೆಯುವ ಚಾರ್ಜರ್ ಬೇಡ, ಕಾರ್ಡ್ ತೋರಿಸಿ ಆಫ್‌ಲೈನಿನಲ್ಲೂ ಶುರುವಾಗುವಂಥದ್ದು ಇರಲಿ.

ಡಿಸಿ ಹಾಕಬೇಕೆನ್ನುವವರು ಹೆದ್ದಾರಿಯವರು. ಹೆದ್ದಾರಿಯ ಎರಡೂ ಬದಿ ಪ್ರತಿ 20 ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಕೇಂದ್ರ ಎಂಬುದು ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿಯ ಗುರಿ. ಕುಶಾಲನಗರದಿಂದ ಮಡಿಕೇರಿ, ಅಲ್ಲಿಂದ ಸಂಪಾಜೆ ತಲಾ 30ರ ಆಸುಪಾಸು. 60 ಕಿಲೋವ್ಯಾಟಿನ ಡಿಸಿ ಯಂತ್ರ ಫೇಸಿಗೆ 93 ಆಂಪಿಯರ್ ಎಳೆಯುತ್ತದೆ, ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. 63 ಕೆವಿಎ ಟಿಸಿಗೆ ಅದೊಂದೇ ಮಿತಿ ಮೀರಿದ ಹೊರೆ. 100 ಕೆವಿಎ ಟಿಸಿ ನಿಮ್ಮದೇ ಆಗಿ ಬೇಕು. ಆಗ 11 ಕೆವಿ ಲೈನ್, ಡಬಲ್ ಪೋಲ್, ವಿದ್ಯುತ್ ಪರಿವೀಕ್ಷಣಾಲಯದ ನಕ್ಷೆ ಅನುಮೋದನೆ, ಚಾಲನೆಗೆ ಮೊದಲು ಅವರ ತಪಾಸಣೆ ಎಲ್ಲವೂ ಸೇರುತ್ತದೆ. ಲೈನು ಪಕ್ಕದ ತೋಟದ ನೆರಳು ಮರಗಳ ಮೇಲೆ ಹೋಗುವುದಾದರೆ ಆ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗನ್ ಸಿಸಿಎಸ್-2 ಇದ್ದರೆ ಈಗಿನ ಬಹುತೇಕ ಕಾರುಗಳಿಗೆ ಹೊಂದುತ್ತದೆ.

ಹಣ ಪಡೆಯುವ ವಿಷಯದಲ್ಲಿ ಒಂದು ಮಾತು. 2023ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ, ನಮ್ಮ ಸೆಸ್ಕ್‌ನದೇ ಅರ್ಜಿಯ ಮೇಲೆ, ಚಾರ್ಜಿಂಗ್ ಸೇವೆಗೆ ಶೇ. 18 ಜಿಎಸ್‌ಟಿ ಎಂದು ಹೇಳಿದೆ. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ, ಅದನ್ನೇ ಕಾರಿಗೆ ತುಂಬಿದರೆ ಇದೆ. ವಿದ್ಯುತ್ ವಾಹನಕ್ಕೂ ಚಾರ್ಜರಿಗೂ ಶೇ. 5 ಇಟ್ಟು ತುಂಬಿಸುವ ಕೆಲಸಕ್ಕೆ 18 ಇಡುವುದು ಉತ್ತೇಜನದ ದಾರಿಯಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಹೋಂಸ್ಟೇಯ ಆದಾಯವೂ ಸೇರಿ ವರ್ಷದ ವಹಿವಾಟು 20 ಲಕ್ಷದೊಳಗೆ ಇರುವವರಿಗೆ ನೋಂದಣಿಯ ಗೊಡವೆ ಇಲ್ಲ. ಕಾರು ಕೊಳ್ಳುವವರಿಗೂ ಒಂದು ಸೂಚನೆ: ರಾಜ್ಯದ ಮೋಟಾರು ವಾಹನ ತೆರಿಗೆ ಕಾಯ್ದೆಯ 2024ರ ತಿದ್ದುಪಡಿ 25 ಲಕ್ಷಕ್ಕಿಂತ ಹೆಚ್ಚಿನ ಎಲೆಕ್ಟ್ರಿಕ್ ಕಾರಿಗೆ ಶೇ. 10 ಜೀವಿತಾವಧಿ ತೆರಿಗೆ ತಂದಿತು. ಬಜೆಟ್ ಬಂದಾಗ ಬದಲಾಗುವ ವಿಷಯ, ಬುಕ್ ಮಾಡುವ ದಿನದ ದರವನ್ನು ಆರ್‌ಟಿಒದಲ್ಲೇ ಕೇಳಿ.

ಅತಿಥಿಗೆ ಎಷ್ಟು ತುಂಬಿಸಿ ಕಳಿಸಬೇಕು ಎಂಬುದು ಅವರು ಯಾವ ಕಡೆ ಇಳಿಯುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರಿಕೆ. ಸಮತಟ್ಟಿನಲ್ಲಿ 30 ಕಿಲೋಮೀಟರಿಗೆ 4–5 ಯೂನಿಟ್ ತಿನ್ನುವ ಕಾರು ಇಲ್ಲಿ ಏರುವಾಗ 9–10 ತಿನ್ನುತ್ತದೆ, ಇಳಿಯುವಾಗ ಬಹುತೇಕ ಏನೂ ತಿನ್ನುವುದಿಲ್ಲ. ಇಳಿಯುವಾಗ ಮೋಟರ್ ತಾನೇ ಜನರೇಟರಾಗಿ ಕಾರನ್ನು ಹಿಡಿಯುತ್ತದೆ. ಆದರೆ ಬ್ಯಾಟರಿ ಶೇ. 100 ತುಂಬಿದ್ದರೆ ಆ ವಿದ್ಯುತ್ತಿಗೆ ಹೋಗಲು ಜಾಗವಿಲ್ಲ, ಹಿಡಿತ ಕಡಿಮೆಯಾಗುತ್ತದೆ, ಇಡೀ ಘಾಟಿಯನ್ನು ಬ್ರೇಕ್ ಪ್ಯಾಡಿನ ಮೇಲೆ ಇಳಿಸಬೇಕಾಗುತ್ತದೆ. ಘಾಟಿ ಇಳಿದು ಸಂಪಾಜೆಗೋ ಮಾಕುಟ್ಟಕ್ಕೋ ಹೊರಡುವವರು ಶೇ. 85–90ಕ್ಕೆ ನಿಲ್ಲಿಸಲಿ. ಮೈಸೂರು ಕಡೆಯವರು ಬೇಕಾದರೆ ಪೂರ್ತಿ ತುಂಬಿಸಿಕೊಳ್ಳಲಿ. ಈ ಎರಡು ಸಾಲನ್ನು ಚಾರ್ಜರ್ ಪಕ್ಕದ ಗೋಡೆಯ ಮೇಲೆ ಕನ್ನಡ, ಇಂಗ್ಲಿಷ್, ಮಲಯಾಳಂ ಮೂರರಲ್ಲೂ ಬರೆಸಿ ಹಾಕಿ.